ಬ್ಯಾಡಗಿಯಲ್ಲೇ ಉಳಿದ ಕಪ್

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಊರುಗಳ ಫುಟ್‌ಬಾಲ್ ಲೀಗ್ ನಿಂತು ಎಷ್ಟೋ ವರ್ಷಗಳಾದವು. ಅದರ ಕಪ್ ಮಾತ್ರ ಬ್ಯಾಡಗಿಯ ಮೆಣಸಿನಕಾಯಿ ದಲಾಲರೊಬ್ಬರ ಅಂಗಡಿಯಲ್ಲಿದೆ. ಅವರು ಆಗ ಬ್ಯಾಡಗಿಯ ಗೋಲ್‌ಕೀಪರ್. ನಮ್ಮಪ್ಪ ರಾಣೆಬೆನ್ನೂರು ತಂಡದ ನಾಯಕ. ಅಪ್ಪನಿಗೆ ಅರವತ್ತು ತುಂಬುವ ದಿನ ಆ ಕಪ್ ಮನೆಯಲ್ಲಿರುತ್ತದೆ ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದೆ. ಬೀಜ ಮಾರಲು ಬ್ಯಾಡಗಿಗೆ ಹೋದವನು ನೇರ ಅವರ ಅಂಗಡಿಗೆ ನುಗ್ಗಿದೆ. ನನಗೆ ಇಲ್ಲ ಅನ್ನುವವರು ಈ ಕಡೆ ಕಡಿಮೆ.

“ಕಾಕಾ, ಕಪ್ ಕೊಡ್ರಿ. ಒಂದಿನ ಇಟ್ಕೊಂಡು ತಂದ್ಕೊಡ್ತೇನಿ.”

“ಹಂಗ ಕೊಡಾಕ ಬರಂಗಿಲ್ಲ ತಮ್ಮಾ. ನಮ್ಮನ್ನ ಸೋಲಿಸಿದವ್ರಿಗೇ ಕೊಡಬೇಕಂತ ಲೀಗಿನ ರೂಲ್ಸ್ ಐತಿ.”

“ಲೀಗೇ ಇಲ್ಲಲ್ರಿ.”

“ಗೋಲ್‌ಕೀಪರ್ ಅದಾನಲ್ಲ.”

ಅವರು ಖಾಲಿ ಮೆಣಸಿನಕಾಯಿ ಚೀಲವೊಂದನ್ನು ಸುತ್ತಿ, ಸುತಳಿ ಬಿಗಿದು ಚೆಂಡು ಮಾಡಿಕೊಟ್ಟರು. ಧೋತರ ಮೇಲೆ ಕಟ್ಟಿ, ತುಂಬಿದ ಎರಡು ಚೀಲಗಳ ನಡುವೆ ನಿಂತರು. ಒದೆಯುವುದು ಒಂದೇ ಸಲ.

“ಕಾಕಾ, ನಾ ಜೋರ್ ಒದಿತೇನ್ರಿ. ಪೆಟ್ಟಾದೀತು.”

“ಆಗ್ಲಿ ಬಿಡು.”

ಹಮಾಲರು ನೋಡುತ್ತಿದ್ದರು. ನನ್ನ ಆಟ ಅವರೂ ಸ್ವಲ್ಪ ನೋಡಲಿ ಎಂದು ಚೆಂಡನ್ನು ಮೊದಲು ಮೊಣಕಾಲಿನ ಮೇಲೆ ನಾಲ್ಕು ಸಲ ಎತ್ತಿ ಎತ್ತಿ ಹಾಕಿದೆ. ಚೀಲದ ಖಾರದ ಧೂಳೆಲ್ಲ ಮುಖಕ್ಕೆ ಬಂತು. ಕಣ್ಣು ಮುಚ್ಚಿ, ಸೀನುತ್ತಲೇ ಒದ್ದೆ. ಚೆಂಡು ಮೆಲ್ಲಗೆ ಉರುಳಿ ಅವರ ಪಾದದ ಹತ್ತಿರ ನಿಂತಿತು. ಅವರು ಸಾವಕಾಶ ಬಗ್ಗಿ ಎತ್ತಿಕೊಂಡರು.

“ನಿಮ್ಮಪ್ಪನೂ ಒದಿಯೂಕಿಂತ ಮೊದ್ಲ ಹಿಂಗ ಆಟ ತೋರಿಸ್ತಿದ್ದ,” ಅಂದರು.

ಕಪ್ ಬರಲಿಲ್ಲ. ಆದರೆ ಆ ಲೀಗಿನ ಕೊನೆಯ ಪಂದ್ಯದಲ್ಲಿ ರಾಣೆಬೆನ್ನೂರಿನ ನಾಯಕ ನಮ್ಮಪ್ಪನಲ್ಲ, ನಾನು. ಬೇಕಾದರೆ ಬ್ಯಾಡಗಿಯ ಹಮಾಲರನ್ನು ಕೇಳಿ.