ಡಾಂಬರಿನ ಮೇಲಿನ ಕಣ

ಚಪ್ಪಲಿ ಕಳಚುವ ಜಾಗವೇ ಧರ್ಮದ ಗಡಿಯೆಂಬುದು ನನ್ನ ಸಿದ್ಧಾಂತ. ಗರ್ಭಗುಡಿಯೊಳಗೆ ದೇವರಿದ್ದಾನೋ ಇಲ್ಲವೋ ನಾನರಿಯೆ, ಹೊರಗೆ ಚಪ್ಪಲಿಗಳಿರುವುದಂತೂ ಪ್ರತ್ಯಕ್ಷ ಪ್ರಮಾಣ. ಪವಿತ್ರ ಸ್ಥಳವೆಂಬುದೇ ಇಲ್ಲ, ಇರುವುದು ಬರೀ ನೆಲ ಎಂದು ಗಂಟಲು ಹರಿಯುವಂತೆ ಸಾಧಿಸಿ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದೆರಡು ಕಪ್ಪು ಗೆದ್ದವನು ನಾನು. ಆ ಕಪ್ಪುಗಳಲ್ಲಿ ಅಮ್ಮ ಈಗ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನಿಡುತ್ತಾಳೆ, ಅದು ಬೇರೆ ಮಾತು.

ಇಂಥ ನಾನು ಹೋದ ಸುಗ್ಗಿಯಲ್ಲಿ ಬರಗೂರಿನ ಬಳಿಯ ಅತ್ತೆಯ ಊರಿಗೆ ಹೋದೆ. ನೆಲ ಸಾರಿಸಿ ಕಣ ಮಾಡುವ ತಾಪತ್ರಯ ಈಗ ಯಾರಿಗೆ ಬೇಕು, ಹೇಳಿ? ರಾಗಿ ತೆನೆಯನ್ನು ರಸ್ತೆಗೆ ಹರಡಿದರೆ ಸಿರಾ ಬಸ್ಸೇ ತುಳಿದುಕೊಡುತ್ತದೆ. ಅತ್ತೆ ಡಾಂಬರಿನ ಅಂಚಿನಲ್ಲಿ ರಾಗಿ ತೂರಿ ರಾಶಿ ಮಾಡಿ, ನೆತ್ತಿಯ ಮೇಲೊಂದು ಸಗಣಿಯ ಬೆನಕನನ್ನು ಕೂರಿಸಿದ್ದಳು. ಎದುರುಬದಿ ಸ್ಕೂಟರ್ ನಿಲ್ಲಿಸಿ ನಾನು ಅತ್ತ ಕಾಲಿಟ್ಟದ್ದೇ ತಡ, ಕೂಗು ಬಂತು:

"ಲೇ, ಎಕ್ಕಡ ಬುಟ್ಟು ಬಾರ್ಲಾ! ಕಣಕ್ಕೆ ಹಂಗೇ ನುಗ್ತೀಯಲ್ಲ!"

ಆಹಾ, ಎದುರಾಳಿ ತಾನಾಗಿ ಬಲೆಗೆ ಬಿದ್ದಾಗಿನ ಆ ಹಿಗ್ಗು! ಊರೂರ ಕೊಚ್ಚೆ ತುಳಿದು ಬಂದ ಬಸ್ಸಿನ ಚಕ್ರಕ್ಕಿಲ್ಲದ ಮೈಲಿಗೆ ನನ್ನ ಬಡಪಾಯಿ ಚಪ್ಪಲಿಗೇಕೆ ಎಂದು ಕೇಳಿದೆ.

"ಬಸ್ಸು ಗೇಯ್ತೈತೆ ಕಣ್ಲಾ. ನೀನೇನ್ ಗೇಯ್ತೀಯ?"

ಉತ್ತರ ಹೊಸೆಯುತ್ತಿದ್ದಂತೆ ಬಿಸಿಲು ಮಾಯವಾಯಿತು. ಅಕಾಲದ ಮೋಡ, ತಣ್ಣನೆಯ ಗಾಳಿ. ನೆಂದರೆ ವರ್ಷದ ಮುದ್ದೆಯೇ ಹೋಯಿತು! ಮಳೆಗೆ ನನ್ನ ಎರಡನೆಯ ಅಂಶ ಕೇಳುವ ಸಹನೆಯಿರಲಿಲ್ಲ. ಚಪ್ಪಲಿ ಅತ್ತ ಒದರಿ ಹಾರಿದೆ. ಅಂಗಾಲು ಕಾದ ಡಾಂಬರಿನಲ್ಲಿ ಚುರುಗುಟ್ಟುತ್ತಿರಲು ಚೀಲದ ಬಾಯಿ ಹಿಡಿದೆ, ಅತ್ತೆ ಮೊರದಲ್ಲಿ ಮೊಗೆಮೊಗೆದು ತುಂಬಿದಳು. ಕೊನೆಯ ಚೀಲ ಪಕ್ಕದ ಬಸ್ ತಂಗುದಾಣದೊಳಗೆ ಸೇರಿತು, ಮೊದಲ ಹನಿ ನನ್ನ ಮೂಗಿನ ಮೇಲೆ ಬಿತ್ತು. ಗೆದ್ದೆವು!

ಅತ್ತೆ ಎಕ್ಕಡ ಮೆಟ್ಟಿ, ರಾಶಿಯಿದ್ದ ಜಾಗದಲ್ಲೇ ನಿಂತು, ಬಾಯ ತುಂಬ ಇದ್ದ ಎಲೆಯಡಿಕೆಯನ್ನು ಪಿಚಕ್ಕನೆ ಉಗಿದಳು.

"ಅತ್ತೆ! ಕಣ!" ಎಂದು ಚೀರಿದವನು, ಓದುಗರೇ, ಬರೀ ನೆಲದ ಪ್ರತಿಪಾದಕನಾದ ನಾನೇ.

"ರಾಗಿ ಎತ್ತಾಯ್ತಲ್ಲ, ಇನ್ನೆಲ್ಲಿ ಕಣ? ರೋಡು ಕಣ್ಲಾ. ಬಸ್ ಬತ್ತೈತೆ, ಈ ಕಡೀಕ್ ಬಾ."

ಹಾಗಾದರೆ ನೆಲ ಬರೀ ನೆಲವೇ. ನನ್ನ ವಾದ ಗೆದ್ದಿತು. ಆದರೆ ಪಾವಿತ್ರ್ಯವೂ ಸುಳ್ಳಲ್ಲ, ಅದು ರಾಗಿಯೊಡನೆ ಬಂದಿತ್ತು, ರಾಗಿಯೊಡನೆ ಚೀಲ ಸೇರಿತು. ಇಂಥ ಸಾಧ್ಯತೆ ಯಾವ ಸ್ಪರ್ಧೆಯಲ್ಲೂ ನನಗೆ ಹೊಳೆದಿರಲಿಲ್ಲ!

ಚಪ್ಪಲಿ ಆಚೆ ಬಿದ್ದಿದ್ದವು. ಬಸ್ಸು ಹಾದುಹೋದ ಮೇಲೆ ನಡುವೆ ಇದ್ದದ್ದು ಖಾಲಿ ರಸ್ತೆ, ಆದರೂ ರಾಶಿಯಿದ್ದ ಜಾಗವನ್ನು ತುಳಿಯದೆ ಸುತ್ತುಬಳಸಿಯೇ ಹೋದೆ. ಕಳಚುವ ಗಡಿ ಗೊತ್ತಿತ್ತು. ಮತ್ತೆ ಮೆಟ್ಟುವ ಗಡಿ ಯಾವುದೆಂದು ತಿಳಿಯದೆ, ಅವನ್ನು ಕೈಯಲ್ಲಿ ಹಿಡಿದು ಸ್ಕೂಟರಿನವರೆಗೂ ಬರಿಗಾಲಲ್ಲೇ ನಡೆದೆ.