ಹಾರಿಹೋದ ಅಕ್ಷರ

ನನ್ನ ಹೆಂಡತಿ ತೀರಿಕೊಂಡು ಮೂರು ತಿಂಗಳಾಯಿತು. ಹಾಸನದ ಆಸ್ಪತ್ರೆಯಿಂದ ತಂದ ಚೀಲವನ್ನು ಮೊನ್ನೆ ಭಾನುವಾರ ಬಿಚ್ಚಿದೆ. ಬಾಚಣಿಗೆ, ಸ್ವೆಟರು, ನಾಲ್ಕು ಮಡಿಕೆಯ ಪೇಪರಿನ ಒಂದು ಹಾಳೆ. ಅದರಲ್ಲಿದ್ದ ಪದಬಂಧವನ್ನು ಅವಳು ಅರ್ಧ ತುಂಬಿದ್ದಳು. ‘ಮಿಕ್ಕಿದ್ದು ನಾಳೆ ಬರೀತೀನಿ’ ಎಂದು ಮಡಚಿ ದಿಂಬಿನ ಕೆಳಗೆ ಇಟ್ಟಿದ್ದಳು.

ಅದನ್ನು ಮುಗಿಸೋಣ ಎಂದು ಕೂತೆ. ದುಃಖ ಎನ್ನುವಂಥದ್ದೇನೂ ಆಗುತ್ತಿರಲಿಲ್ಲ. ಅವಳು ಬರೆದದ್ದರಲ್ಲಿ ಇದೇ ಕೊನೆಯದು, ಅರ್ಧಕ್ಕೆ ನಿಲ್ಲಬಾರದು, ಅಷ್ಟೇ.

ಪೆನ್ನು ಹಿಡಿದ ಕೂಡಲೇ ತಪ್ಪುಗಳು ಕಂಡವು. ‘ಕೊಂಬೆಯಲ್ಲಿ ಮನೆ, ಗಾಳಿಯಲ್ಲಿ ಓಡಾಟ’ ಎಂಬ ಸುಳಿವಿಗೆ ‘ಅಕ್ಕಿ’ ಎಂದು ಬರೆದಿದ್ದಳು. ‘ತೊಟ್ಟಿಲ ಬಳಿ ಕೇಳುವುದು’ ಎಂಬುದಕ್ಕೆ ‘ಆಡು’. ‘ಎಲ್ಲರಿಗೂ ಒಂದೊಂದು ಇಡುತ್ತಾರೆ’ ಎಂಬುದಕ್ಕೆ ‘ಎಸರು’.

ಅವಳು ಬಾಗೂರಿನವಳು. ‘ಹ’ ಅವಳ ಬಾಯಲ್ಲಿ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲೂ ಹಾಗೇ ಮಾತಾಡುತ್ತಿದ್ದರು. ಹೈಸ್ಕೂಲಿನ ಮೇಷ್ಟ್ರು ಬೆತ್ತ ತೋರಿಸಿ ನನಗೆ ಬಿಡಿಸಿದ್ದರು. ಆಮೇಲೆ ಹೊಳೆನರಸೀಪುರದ ಕಚೇರಿಯಲ್ಲಿ ಗುಮಾಸ್ತನಾದೆ. ಬಂದ ಅರ್ಜಿಗಳ ತಪ್ಪು ತಿದ್ದುತ್ತ ತಿದ್ದುತ್ತ ಮನೆಯಲ್ಲೂ ಅದೇ ಚಾಳಿಯಾಯಿತು. ಒಂದು ಸಲ ಅವಳು ಕೇಳಿದ್ದಳು: ‘ಅಕ್ಕಿ ಆರೋಯ್ತು ಅಂದ್ರೆ ನೀವೇನ್ ಮೂಟೆಗೆ ರೆಕ್ಕೆ ಬಂತು ಅನ್ಕಂತೀರಾ?’

ಮೂರು ಕಡೆಯೂ ಅವಳ ಅಕ್ಷರದ ಮೇಲೆಯೇ ಒತ್ತಿ ತಿದ್ದಿದೆ. ಹ, ಹಾ, ಹೆ. ಬಾಲ್ ಪೆನ್ನಿನ ಶಾಯಿ ಕಪ್ಪಗೆ ಕೂತಿತು.

ಆಮೇಲೆ ಒಂದೂ ಮುಂದಕ್ಕೆ ಹೋಗಲಿಲ್ಲ. ‘ಹೆಸರು’ ಪದದ ಮೊದಲ ಚೌಕದಿಂದಲೇ ಕೆಳಕ್ಕೆ ಎರಡು ಅಕ್ಷರದ ಪದವೊಂದಿತ್ತು: ‘ಊಟಕ್ಕೆ ಮುಂಚೆ ಹಾಕುವುದು’. ‘ಹೆ’ಯಿಂದ ಶುರುವಾಗುವ ಅಂಥದ್ದು ಯಾವುದೂ ತೋಚಲಿಲ್ಲ. ಒಂದು ಗಂಟೆ ಕೂತಿದ್ದೆ.

ಅಷ್ಟರಲ್ಲಿ ನನ್ನ ನಾದಿನಿ, ಅವಳ ತಂಗಿ, ಬಾಗೂರಿನಿಂದ ಬಂದಳು. ತಿಂಗಳಿಗೊಮ್ಮೆ ಬಂದು ಅಡುಗೆ ಮಾಡಿಟ್ಟು ಹೋಗುತ್ತಾಳೆ. ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು.

‘ಎಲೆ ಅಲ್ವಾ ಭಾವ ಅದು?’

‘ಮೊದಲನೇ ಅಕ್ಷರ ಹೆ ಬಂದಿದೆಯಲ್ಲ.’

‘ಅದ್ಯಾಕ್ ಬಂತು? ಮೇಲೇ ಆಕವ್ರೆ ನೋಡಿ, ಆರೋದ ಅಕ್ಸರ ಅಂತ.’

ಪದಬಂಧದ ತಲೆಯ ಮೇಲೆ ‘ಹಾರಿಹೋದ ಅಕ್ಷರ’ ಎಂದು ದಪ್ಪಗೆ ಅಚ್ಚಾಗಿತ್ತು. ನಾನದನ್ನು ಓದಿದ್ದೆ. ಏನೋ ಅಲಂಕಾರಕ್ಕೆ ಹಾಕಿದ್ದಾರೆ ಎಂದುಕೊಂಡಿದ್ದೆ. ‘ಹ’ ಇರುವ ಪದಗಳನ್ನೆಲ್ಲ ಅದನ್ನು ಬಿಟ್ಟು ಬರೆಯಬೇಕು, ಅದೇ ಆ ವಾರದ ವಿಶೇಷ. ಹಕ್ಕಿ ಅಕ್ಕಿಯಾಗಬೇಕು, ಹೆಸರು ಎಸರಾಗಬೇಕು. ಅವಳಿಗೆ ಮಂಚದ ಮೇಲೆ ಮಲಗಿದ್ದಾಗಲೇ ಅದು ತಿಳಿದಿತ್ತು.

‘ಅಕ್ಕ ಸರಿಯಾಗೇ ಬರ್ದಿದ್ಲು,’ ಎಂದಳು ನಾದಿನಿ. ಆಮೇಲೆ ಕಪ್ಪಾದ ಚೌಕಗಳನ್ನು ನೋಡಿ, ‘ನೀವ್ ತಿದ್ದುದ್ರಾ?’ ಎಂದಳು.

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಶಾಯಿಯ ಅಡಿಯಲ್ಲಿ ಅವಳ ಅ, ಆ, ಎ ಕಾಣುತ್ತವೆಯೇ ಎಂದು ನೋಡಿದೆ. ಕಾಣಲಿಲ್ಲ. ಉಗುರಿನಿಂದ ಕೆರೆದೆ. ಕಾಗದದ ಜುಂಗು ಎದ್ದಿತು, ಬಿಟ್ಟೆ.

‘ಓಗ್ಲಿ ಬುಡಿ. ಮಿಕ್ಕಿದ್ ಬರೀರಿ, ನಾನ್ ಓದ್ತೀನಿ,’ ಎಂದು ಪಕ್ಕದಲ್ಲಿ ಕೂತಳು. ‘ಮುಡಿಗೇರುವುದು, ಎರಡಕ್ಷರ.’

ಊವು. ಗೊತ್ತಾಯಿತು. ಅವಳು ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, ‘ಊವಿನೋಳು ಬಂದ್ಲಾ?’ ಎಂದು ಕೇಳುತ್ತಿದ್ದ ಪದ. ಈ ಸಲ ಸರಿಯಾಗಿ ಬರೆಯಬೇಕು ಎಂದುಕೊಂಡು ನಿಧಾನವಾಗಿ ಬರೆದೆ.

ನಾದಿನಿ ನೋಡಿದಳು.

‘ಮತ್ತೆ ಅದ್ನೇ ಆಕ್ಬುಟ್ರಲ್ಲ ಭಾವ.’

ಹೌದು. ‘ಹೂವು’ ಎಂದು ಬರೆದಿದ್ದೆ.