ಅವರೆ ಸಾಲಿನ ಪಕ್ಕದ ಟೊಮೆಟೊ

ಬೆಳೆ ತಿನ್ನುವ ಹುಳುವನ್ನು ಕೊಲ್ಲುವುದು ಹೇಗೆಂದು ಕೇಳುವವರು ಕೋಲಾರದ ಕಡೆ ಮನೆಗೊಬ್ಬರು. ತಿಂದದ್ದನ್ನು ಅದು ಅರಗಿಸಿಕೊಳ್ಳುವುದು ಹೇಗೆಂದು ಕೇಳಿದವರು, ನಾನು ಕಂಡಂತೆ, ಡಾ. ತಾಜುನ್ನೀಸಾ ಒಬ್ಬರೇ. ಕೀಟಶಾಸ್ತ್ರದ ಅಧ್ಯಾಪನದಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ಅವರ ಹಳೆಯ ವಿದ್ಯಾರ್ಥಿಯಾದ ನನ್ನ ಪಾಲಿಗೆ ಬಂದಿದೆ.

ಮುಳಬಾಗಿಲಿನ ಬಳೆ ವ್ಯಾಪಾರಿಯ ಮಗಳಾದ ಮೇಡಂ ಸೇವೆಯ ಆರಂಭದಿಂದಲೂ ಬೆನ್ನು ಹತ್ತಿದ್ದು ಟೊಮೆಟೊ ಕಾಯಿಕೊರಕ ಹುಳುವನ್ನು. ಡಬ್ಬಿ ತೆರೆಯುತ್ತಲೇ ಹುಳುವಿನ ಕರುಳಿನ ಮಾತು ತೆಗೆಯುತ್ತಿದ್ದ ಅವರ ಜೊತೆ ಊಟಕ್ಕೆ ಕೂರಲು ಗಟ್ಟಿ ಹೊಟ್ಟೆ ಬೇಕಿತ್ತು. ಆದರೂ ಹಾಸ್ಟೆಲ್ ಊಟ ಒಗ್ಗದ ನಮಗೆ ಆ ಡಬ್ಬಿಯಲ್ಲಿ ಸದಾ ಪಾಲಿರುತ್ತಿತ್ತು.

ಹುಳುವಿನ ಜೀರ್ಣಕಿಣ್ವಗಳನ್ನು ತಡೆಹಿಡಿಯುವ ಅಂಶವೊಂದು ಅವರೆಕಾಳಿನಲ್ಲಿದೆ. ಅದರ ಸಾರ ಸೇರಿದ ಆಹಾರವನ್ನು ಎಷ್ಟು ತಿಂದರೂ ಪ್ರಯೋಗಾಲಯದ ಹುಳುಗಳು ಮೈಗೆ ಹತ್ತದೆ ಸೊರಗಿದವು. ಹೊಲದಲ್ಲೂ ಹಾಗೆಯೇ ಆದರೆ ಮೇಡಂ ಅವರ ಬಹುಕಾಲದ ದುಡಿಮೆ ಸಾರ್ಥಕ. ತಾಯಲೂರಿನ ರೈತಮಹಿಳೆ ಆಂಜಿನಮ್ಮ ಬೇರೆ ಔಷಧಿ ಹೊಡೆಯದೆ ತಮ್ಮ ಇಡೀ ಟೊಮೆಟೊ ತೋಟವನ್ನು ಪ್ರಯೋಗಕ್ಕೆ ಬಿಟ್ಟುಕೊಟ್ಟರು.

ಬದುವಿನುದ್ದಕ್ಕೂ ಅವರೆ ಸಾಲಿತ್ತು. ನಮ್ಮ ಕಡೆ ಅದು ಯಾರ ಕಣ್ಣಿಗೂ ವಿಶೇಷವಲ್ಲ. ಮೇಡಂ ಕಣ್ಣಿಗೂ ಬೀಳಲಿಲ್ಲ. ಅವರೆ ಕೊಯ್ಲು ಮುಗಿದದ್ದೇ ಅಲ್ಲಿದ್ದ ಹುಳುಗಳು ಟೊಮೆಟೊಗೆ ದಾಟಿ, ಸಾರ ಸಿಂಪಡಿಸಿದ ಕಾಯಿಗಳನ್ನೇ ಕೊರೆದು ಕೊಬ್ಬಿದವು. ಇನ್ನೊಂದು ವಾರ ಕಾದಿದ್ದರೆ ಪ್ರಯೋಗ ಮುಗಿಯುತ್ತಿತ್ತು, ತೋಟವೂ ಮುಗಿಯುತ್ತಿತ್ತು.

"ಇವತ್ತೇ ಮಾಮೂಲಿ ಔಷಧಿ ಹೊಡೆಸಿ ಆಂಜಿನಮ್ಮ, ನನಗೋಸ್ಕರ ಕಾಯ್ಬೇಡಿ" ಎಂದರು ಮೇಡಂ.

"ಹೊಡೆದ್ರೆ ನಿಮ್ಮ ಕೆಲಸ ಕೆಡ್ತದಲ್ಲಮ್ಮ?"

"ಕೆಡ್ಲಿ. ನನಗೆ ಸಂಬಳ ಬರುತ್ತೆ. ನಿಮಗೆ ಬೆಳೆ ಬರ್ಬೇಕು."

ತೋಟ ಉಳಿಯಿತು. ಹಿಡಿದು ತಂದ ಹುಳುಗಳ ಕರುಳನ್ನು ಪರೀಕ್ಷಿಸಿದಾಗ ಕಾರಣ ತಿಳಿಯಿತು. ಪ್ರಯೋಗಾಲಯದ ಹುಳುಗಳು ಅವರೆಯ ರುಚಿ ಕಂಡಿರಲಿಲ್ಲ. ಇವು ಅವರೆ ತಿಂದೇ ಬೆಳೆದವು, ಆ ತಡೆಗೆ ಜಗ್ಗದ ಬೇರೆ ಕಿಣ್ವಗಳನ್ನು ಆಗಲೇ ಸಿದ್ಧಮಾಡಿಕೊಂಡಿದ್ದವು. ಸೋತದ್ದನ್ನು ಸೋತೆನೆಂದೇ ಬರೆದು ಪ್ರಕಟಿಸಿದ ಮೇಡಂ, ಪ್ರಯೋಗಕ್ಕೆ ಹೊಲ ಕೊಡಿರೆಂದು ಮತ್ತೆ ಯಾವ ರೈತರ ಬಾಗಿಲಿಗೂ ಹೋಗಲಿಲ್ಲ. ನನಗದು ಇಂದಿಗೂ ಬೇಸರದ ಸಂಗತಿ.

ಮೊನ್ನೆಯ ಬೀಳ್ಕೊಡುಗೆಗೆ ಆಂಜಿನಮ್ಮನವರೂ ಬಂದಿದ್ದರು. ಭಾಷಣಗಳೆಲ್ಲ ಮುಗಿದ ಮೇಲೆ ಮೇಡಂ ಬಳಿಗೆ ಹೋಗಿ, "ಈ ಸಾರಿ ಅವರೆ ಹಾಕಿಲ್ಲಮ್ಮ, ಬರೀ ಟೊಮೆಟೊ. ನಿಮ್ದು ತಂದು ಹೊಡೆದು ನೋಡಿ" ಎಂದರು. ಅವರೆಕಾಳಿಲ್ಲದ ಚಳಿಗಾಲವನ್ನು ಕೋಲಾರದವರು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲವೆಂದು ಮೇಡಂಗೆ ಗೊತ್ತು. ಅಷ್ಟು ಹೊತ್ತೂ ನಗುತ್ತಲೇ ಹಾರ ಹಾಕಿಸಿಕೊಂಡಿದ್ದವರು ಆಗ ಅತ್ತರು.

ಡಾ. ತಾಜುನ್ನೀಸಾ ಅವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಕೂಡಿಬರಲಿ. ಸೋಮವಾರದಿಂದ ತಾಯಲೂರಿನ ಬಸ್ಸಿನಲ್ಲಿ ಅವರಿಗೊಂದು ಸೀಟು ಸಿಗಲಿ.